ಫಿರಂಗಿಯ ಬಾಯಿಗೆ ಮಣ್ಣು

ಸುಳ್ಳು ಬರೆಯಬೇಕೆಂದು ಎವಾರಿಸ್ತೊ ಕೂತಿರಲಿಲ್ಲ. 'ಪ್ರೀತಿಯ ನಿಮಿಯಾ, ನಾನು ಕ್ಷೇಮ' ಎಂದು ಬರೆದವನು ಮುಂದೆ ತೋಚದೆ ಪೆನ್ಸಿಲ್ ಕಚ್ಚುತ್ತಿದ್ದ. ಪರಾಗ್ವೆ ಸೇನೆಗೆ ಸೇರಿ ಚಾಕೊ ಕಾಡಿನ ಈ ಶಿಬಿರಕ್ಕೆ ಬಂದು ಎಂಟು ತಿಂಗಳಾಗಿತ್ತು. ಅಷ್ಟೂ ದಿನ ಮಾಡಿದ್ದು ನಾನೂರು ಜನರ ಅಡುಗೆಗೆ ಮರಗೆಣಸು ಸುಲಿಯುವ ಕೆಲಸ. ಶತ್ರು ದೇಶವಾದ ಬೊಲಿವಿಯಾದ ಒಬ್ಬ ಸೈನಿಕನನ್ನೂ ಅವನು ಕಣ್ಣಾರೆ ಕಂಡಿರಲಿಲ್ಲ.

ಶಿಬಿರದ ಕ್ಷೌರಿಕ ಸಿನ್ಫೊರಿಯಾನೊ ಹೆಗಲ ಮೇಲಿಂದ ಬಗ್ಗಿ ಓದಿ ಲೊಚಗುಟ್ಟಿದ. "ಊರಲ್ಲಿ ಆ ರೊಟ್ಟಿ ಅಂಗಡಿಯವನು ಅವಳ ಹಿಂದೆ ಬಿದ್ದಿದಾನೆ ಅಂತ ನೀನೇ ಅಂದಿದ್ದೆ. ಗೆಣಸು ಸುಲಿಯೋನು, ರೊಟ್ಟಿ ಸುಡೋನು ಇಬ್ಬರೂ ಅಡುಗೆಯೋರೇ ಅಲ್ವೇನೋ ಮಾರಾಯ? ಅವನು ಹತ್ರ ಇದಾನೆ, ನೀನು ದೂರ. ಬರಿ, ನಾನು ಹೇಳ್ತೀನಿ."

ಎವಾರಿಸ್ತೊ ಬರೆದ. ಪ್ರತಿ ರಾತ್ರಿ, ಮೇಲಧಿಕಾರಿಗಳಿಗೂ ತಿಳಿಯದಂತೆ, ಒಬ್ಬನೇ ಮುಳ್ಳುಪೊದೆಯಲ್ಲಿ ತೆವಳಿ ಶತ್ರುಗಳ ಕಂದಕದವರೆಗೆ ಹೋಗಿಬರುತ್ತೇನೆ ಎಂದು.

"ಅವರ ಫಿರಂಗಿ ಬಾಯಿಗೆ ಮಣ್ಣು ತುಂಬಿ ಬಂದೆ ಅಂತ ಸೇರಿಸೋ," ಎಂದ ಮುಖ್ಯ ಅಡುಗೆಯವ ಅನಾಸ್ತಾಸಿಯೊ, ಹಂಡೆಯಿಂದ ತಲೆಯೆತ್ತದೆ. ಅದೂ ಸೇರಿತು.

ಕಾಗದಗಳನ್ನೆಲ್ಲ ಲೆಫ್ಟಿನೆಂಟ್ ಬಾರೆತೊ ಓದಿ ಮೊಹರು ಹಾಕಬೇಕು. ಬೆಳಗ್ಗೆಯೇ ಕೊಟ್ಟದ್ದಾಯಿತು.

ಮಧ್ಯಾಹ್ನ ನೀರಿನ ಲಾರಿ ಟಪಾಲು ತಂದಿತು. ನಿಮಿಯಾಳ ಕಾಗದ ಓದುತ್ತ ಓದುತ್ತ ಎವಾರಿಸ್ತೊನ ಮುಖ ನಾದಿದ ಹಿಟ್ಟಿನಂತೆ ಬಿಳಿಚಿತು.

'ಅಣ್ಣ ಹೋದ. ಇನ್ನೊಬ್ಬ ಅಣ್ಣ ಒಂಟಿ ಕಾಲಲ್ಲಿ ಬಂದ. ಮತ್ತೊಬ್ಬರಿಗಾಗಿ ಅಳಲು ನನ್ನ ಕೈಲಾಗದು. ನೀನು ಗುಂಡಿನೆದುರು ಇರುವವನಾದರೆ ನನ್ನನ್ನು ಮರೆತುಬಿಡು, ಮನೆಯವರು ತೋರಿಸಿದವನನ್ನು ಮದುವೆಯಾಗುತ್ತೇನೆ. ಲಾಯದಲ್ಲೋ ಅಡುಗೆಯಲ್ಲೋ ಇದ್ದರೆ ಹತ್ತು ವರ್ಷ ಕಾಯುತ್ತೇನೆ. ಈ ಲಾರಿಯಲ್ಲೇ ಉತ್ತರ ಕಳಿಸು.'

ಎವಾರಿಸ್ತೊ ಓಡಿದ. ಲಾರಿಯವನು ಕೊನೆಯ ಪೀಪಾಯಿ ಇಳಿಸುತ್ತಿದ್ದ. "ಒಂದು ಗಳಿಗೆ ನಿಲ್ಲು ಅಣ್ಣ," ಎಂದು ಕೂಗಿದ.

"ನಿಂತ್ರೆ ಎಂಜಿನ್ ಕಾಯುತ್ತಪ್ಪ, ನಿನ್ ಪ್ರೀತಿ ಕಾಯೋ ಹಾಗಲ್ಲ," ಎಂದ ಲಾರಿಯವ.

ಡೇರೆಯಲ್ಲಿ ಬಾರೆತೊ ಎವಾರಿಸ್ತೊ ಬೆಳಗ್ಗೆ ಕೊಟ್ಟಿದ್ದ ಕಾಗದ ಹಿಡಿದು ಕೂತಿದ್ದ.

"ಸಾಹೇಬ್ರೇ, ಅದನ್ನ ಕಳಿಸಬೇಡಿ. ಎಲ್ಲಾ ಸುಳ್ಳು."

"ಎಲ್ಲಾನೂ?"

"ಕ್ಷೇಮ ಅನ್ನೋದೊಂದು ಬಿಟ್ಟು."

"ಆ ಫಿರಂಗಿ?"

"ನಾನು ಮಣ್ಣು ತುಂಬಿದ್ದು ಒಲೆಗೆ ಮಾತ್ರ ಸಾಹೇಬ್ರೇ, ಬೆಂಕಿ ಆರಿಸೋಕೆ."

ಬಾರೆತೊ ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದ. ಕರವಸ್ತ್ರ ತೆಗೆದು ಹಣೆ ಒರೆಸಿದ, ಕತ್ತು ಒರೆಸಿದ. ಬೈಗುಳಕ್ಕಾಗಿ ಕಾದು ನಿಂತ ಎವಾರಿಸ್ತೊನ ಮುಂದೆ ಒಂದು ಬಿಳಿ ಹಾಳೆ ತಳ್ಳಿದ. "ನಿಜ ಬರಿ. ಬೇಗ. ಈ ವಿಷಯ ಇನ್ನೊಬ್ಬರ ಮುಂದೆ ಆಡಿದೆಯೋ, ನಾಲಿಗೆ ಸೀಳ್ತೀನಿ."

ಎವಾರಿಸ್ತೊ ಬರೆದ, ಅಕ್ಷರಗಳು ಮುತ್ತಿನಂತೆ ಬಿದ್ದವು. ನಾನು ಅಡುಗೆಮನೆಯಲ್ಲಿದ್ದೇನೆ, ಸಿಡಿಯುವುದೆಂದರೆ ಇಲ್ಲಿ ಒಗ್ಗರಣೆ ಮಾತ್ರ, ನಂಬು. ಮೊಹರು ಬಿತ್ತು. ಹೊರಟುಹೋಗಿದ್ದ ಲಾರಿಯ ಹಿಂದೆ ಧೂಳು ಕುಡಿಯುತ್ತ ಓಡಿ, ಕಾಗದವನ್ನು ಚಾಲಕನ ಕೈಗೆ ತುರುಕಿ, ಅವನು ಅಲ್ಲೇ ಕುಸಿದು ಕೂತ. ಅವಳ ಕಾಗದ ಓದಿದಾಗಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಂತಾಯಿತು. ಗೆಣಸಿನ ರಾಶಿಯನ್ನು ಈಗ ತಬ್ಬಿಕೊಳ್ಳಬೇಕೆನಿಸಿತು.

ಅಡುಗೆಮನೆಗೆ ಬಂದರೆ ಅವನ ಮಣೆಯ ಮೇಲೆ ಬೇರೊಬ್ಬ ಕೂತು ಗೆಣಸು ಸುಲಿಯುತ್ತಿದ್ದ. ಕಡ್ಡಿಯಂತೆ ಒಣಗಿದ್ದ, ಮೈತುಂಬ ಮುಳ್ಳಿನ ಗೀರು.

"ಯಾರಪ್ಪ ನೀನು?"

"ಗಸ್ತಿನ ಪಡೆಯೋನು," ಎಂದ ಆತ. ಉತ್ತರ ಮುಂದುವರಿಸಿದವನು ಅನಾಸ್ತಾಸಿಯೊ. "ಬೆಳಗ್ಗೆ ಬಾರೆತೊ ನಿನ್ ಕಾಗದಾನ ಹೊಸ ಮೇಜರ್ ಸಾಹೇಬ್ರಿಗೆ ಓದಿ ಹೇಳಿದ್ನಂತೆ. ಇಂಥ ಸಿಂಹ ನನ್ ಕಣ್ಣಿಗೆ ಬಿತ್ತು ಅಂತ ಜಂಬ ಕೊಚ್ಚಿದ್ನಂತೆ. ಮೇಜರ್ ಆಗಲೇ ಹುಕುಂ ಬರೆದ್ರು. ನಾಳೆ ಬೆಳಗ್ಗಿಂದ ಶತ್ರು ಕಂದಕದ ಕಡೆ ಹೋಗೋ ಗಸ್ತಿಗೆ ನೀನು ಮುಂದಾಳು, ನಿನ್ ಮಣೆಗೆ ಇವನು."

"ಬಾರೆತೊ ಸಾಹೇಬ್ರಿಗೆ ನಿಜ ಹೇಳ್ಬಿಟ್ಟಿದೀನಲ್ಲ."

"ಸುಳ್ಳನ್ನ ಮೇಜರ್ ಕಿವಿಗೆ ಹಾಕಿದೋನು ಅವನು. ಈಗ ಬಾಯಿ ಬಿಡ್ತಾನಾ?"

"ನಿಮಿಯಾಗೆ…"

"ಇನ್ನೊಂದು ಲಾರಿ ಹದಿನೈದು ದಿನಕ್ಕೆ."

ಬಡಕಲು ಆಸಾಮಿ ಎದ್ದ. ಸೊಂಟದ ಮಚ್ಚು ಬಿಚ್ಚಿ ಎವಾರಿಸ್ತೊನ ಕೈಗಿಟ್ಟು, ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು.

"ನಿನ್ ಹೊಟ್ಟೆ ತಣ್ಣಗಿರಲಿ ಅಣ್ಣ," ಎಂದ. "ನನಗೂ ಊರಲ್ಲೊಬ್ಬಳು ಕಾಯ್ತಾ ಇದಾಳೆ."