ತೊಂಬತ್ತೆರಡು ಅಂಕದ ಹನ್ನೊಂದು ಕಿಲೋಮೀಟರ್

ಕಸೊಂಡೆಗೆ ಮುಳುವಾದದ್ದು ಅವನದೇ ದುಂಡನೆಯ ಅಕ್ಷರ. ಒಂಬತ್ತು ವರ್ಷಗಳಿಂದ ದಿನವೂ ಅವನು ವರದಿ ಹಾಳೆಯಲ್ಲಿ ಬರೆಯುತ್ತಿದ್ದುದು ಒಂದೇ ಮಾತು: ಅಪಾಯ ಕಂಡುಬಂದಿಲ್ಲ. ಡೀಸೆಲ್ ಪೈಪ್‌ಲೈನಿನ ಪಕ್ಕದಲ್ಲಿ ಹನ್ನೊಂದು ಕಿಲೋಮೀಟರ್ ನಡೆದು, ಎಲ್ಲಿ ಸೋರಿದೆ, ಎಲ್ಲಿ ಯಾರು ಅಗೆದಿದ್ದಾರೆ ಎಂದು ನೋಡುವುದು ಅವನ ಕೆಲಸ. ನಡೆಯುತ್ತಿದ್ದುದೂ ನಿಜ, ಅಗೆಯಲು ಬಂದವರನ್ನು ಓಡಿಸುತ್ತಿದ್ದುದೂ ನಿಜ. ಓಡಿಸಿದ್ದನ್ನು ಬರೆಯಬೇಕೆಂದು ಮಾತ್ರ ಆ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ.

ಗುರುವಾರ ಬೆಳಿಗ್ಗೆ ಪಂಪ್ ಸ್ಟೇಷನ್ನಿನಿಂದ ಚೀಟಿ ಬಂತು. ಲೈನಿನ ಒಂದೊಂದು ಭಾಗಕ್ಕೂ ನೂರಕ್ಕೆ ಇಷ್ಟು ಎಂದು ಅಪಾಯದ ಅಂಕ ಹಾಕುತ್ತಾರಂತೆ. ಇಪ್ಪತ್ತು ದಾಟದ ಕಡೆ ಕಾವಲುಗಾರನ ಸಂಬಳ ದಂಡ ಎಂದು ಕೆಲಸವೇ ರದ್ದು. ಹಳೆಯ ವರದಿ ನೋಡಿ ಕಸೊಂಡೆಯ ಭಾಗಕ್ಕೆ ಕೊಟ್ಟದ್ದು ನಾಲ್ಕು. ಖುದ್ದಾಗಿ ನೋಡಿ ಕೊನೆಯ ಅಂಕ ಹಾಕಲು ಜೆರೆ ಎಂಬ ಅಧಿಕಾರಿ ಮಧ್ಯಾಹ್ನ ಎರಡಕ್ಕೆ ಬರುವವನಿದ್ದ.

"ಬಾಷಿ ಲೊಂಬೆ," ಎಂದಳು ಹೆಂಡತಿ. ಮಗಳು ಲೊಂಬೆಯ ಅಪ್ಪ ಎಂದೇ ಅವಳು ಗಂಡನನ್ನು ಕರೆಯುವುದು. "ಒಂಬತ್ತು ವರ್ಷದಲ್ಲಿ ನಿಮ್ ಕಣ್ಣಿಗೆ ಒಂದಾದ್ರೂ ಅಪಾಯ ಬೀಳ್ಲಿಲ್ವಾ? ಮನೆಗೆ ಬಂದ ತಕ್ಷಣ ಮಾತ್ರ ಉಪ್ಪು ಜಾಸ್ತಿಯಾಗಿರೋದು ಕಾಣುತ್ತೆ."

ಕಸೊಂಡೆ ಜಾಕೆಟ್ಟಿನ ಒಂದು ತೋಳಿಗೆ ಕೈ ತೂರಿಸಿದವನು, ಇನ್ನೊಂದನ್ನು ಮರೆತು ಹುಲ್ಲಿನ ಚಾವಡಿಯತ್ತ ಓಡಿದ. ಅಲ್ಲಿ ಇದ್ದಿಲು ಸುಡುವ ಮುದುಕ ಚಿಸಾಲಾ ಜೋಳದ ಮುಂಕೊಯೊ ಪಾನೀಯ ಹೀರುತ್ತ ಕೂತಿದ್ದ. ಅಪಾಯದ ಅಂಕ ಏರಬೇಕು, ಲೈನಿನ ಪಕ್ಕದಲ್ಲಿ ಒಂದು ಇದ್ದಿಲುಗೂಡು ಹಾಕು ಮಾರಾಯ ಎಂದು ಕಸೊಂಡೆ ಬೇಡಿಕೊಂಡ.

"ಒಂಬತ್ತು ವರ್ಷ ನನ್ನನ್ನ ನಾಯಿ ಓಡಿಸ್ದಂಗೆ ಓಡಿಸಿದ್ಯಲ್ಲೋ," ಎಂದ ಮುದುಕ. "ಈಗ ದೊಡ್ಡೋರ ಮುಂದೆ ಮಾಡೋ ಹಾಗೆ ಮಂಡಿಯೂರಿ ಚಪ್ಪಾಳೆ ತಟ್ಟಿ ಕೇಳು, ನೋಡೋಣ."

ಕಸೊಂಡೆ ಮಂಡಿಯೂರಿ ಚಪ್ಪಾಳೆ ತಟ್ಟಿದ. ಮಾನ ಹೋದರೆ ಹೋಗಲಿ, ಕೆಲಸ ಉಳಿಯಲಿ ಎಂದು ಅವನ ಲೆಕ್ಕ.

ಮುದುಕ ಗೂಡು ಹಾಕಿ ಸುಮ್ಮನಿದ್ದರೆ ಚೆನ್ನಾಗಿತ್ತು. ಅಂಕ ಹೆಚ್ಚಿದಷ್ಟೂ ಊರಿನವರನ್ನೇ ಹೆಚ್ಚು ಕಾವಲಿಗೆ ತಗೋತಾರೆ ಎಂದು ಊರೆಲ್ಲ ಸಾರಿಬಿಟ್ಟ. ಹನ್ನೊಂದು ಗಂಟೆಯೊಳಗೆ ಊರಿಗೆ ಊರೇ ಲೈನಿನ ಮೇಲಿತ್ತು. ಇಟ್ಟಿಗೆ ಮಾಡುವವರು ಪೈಪಿನ ನೆತ್ತಿಯ ಮೇಲೇ ಮಣ್ಣು ಅಗೆದರು. ಎಚ್ಚರಿಕೆಯ ಕಂಬಗಳಿಗೆ ಮೇಕೆ ಕಟ್ಟಿದರು. ಹೆಂಗಸರು ಕವಾಟದ ಚಕ್ರದ ಮೇಲೆ ಬಟ್ಟೆ ಒಣಹಾಕಿ, ಇದಕ್ಕೆ ಎಷ್ಟು ಅಂಕ ಎಂದು ಕೇಳಿದರು. ಸಾಕು, ಇಪ್ಪತ್ತು ದಾಟಿದರೆ ಸಾಕು ಎಂದು ಕಸೊಂಡೆ ಒಬ್ಬೊಬ್ಬರ ಹಿಂದೆಯೂ ಓಡಿದ. ಅಗೆದವರ ಗುದ್ದಲಿ ಕಿತ್ತುಕೊಂಡರೆ, ಅವರು ಮನೆಯಿಂದ ಇನ್ನೊಂದು ತಂದರು.

ಒಂದೂವರೆಗೆ ಚಿಸಾಲಾನಿಗೆ ಗೂಡು ಏನೇನೂ ಸಾಲದು ಅನ್ನಿಸಿತು. ರಾಗಿ ಬಿತ್ತಲು ಕಡಿದು ಒಟ್ಟಿದ್ದ ಕೊಂಬೆಗಳಿಗೆ ಬೆಂಕಿ ಇಟ್ಟ. ಗಾಳಿ ತಿರುಗಿ ಜ್ವಾಲೆ ಲೈನಿನತ್ತ ನಾಲಿಗೆ ಚಾಚಿದಾಗ ಕಸೊಂಡೆ ಕೈಲಿದ್ದ ಗುದ್ದಲಿ ಬಿಸಾಕಿ ಅತ್ತ ಓಡಿದ. ಒಳಗೆ ಹರಿಯುವುದು ಏನೆಂದು ಅಲ್ಲಿ ನೆನಪಿದ್ದದ್ದು ಅವನೊಬ್ಬನಿಗೇ. ಹಸಿ ಸೊಪ್ಪು ಮುರಿದು ಬಡಿದ, ಬಡಿದ, ಪ್ಯಾಂಟು ಮೊಣಕಾಲಿನವರೆಗೆ ಸುಟ್ಟರೂ ಬಿಡದೆ ಬಡಿದ. ಬೆಂಕಿ ಆರಿ ತಲೆಯೆತ್ತಿದರೆ ಎದುರಿಗೆ ಜೀಪು ನಿಂತಿತ್ತು.

ಜೆರೆ ಅಂಗೋನಿ ಜನದವನು, ಕಸೊಂಡೆ ಬೆಂಬಾ. ತಾತಂದಿರ ಕಾಲದಿಂದ ಈ ಎರಡು ಬುಡಕಟ್ಟಿಗೂ ಕಾಲೆಳೆಯುವ ನಂಟು, ಯಾರು ಏನಂದರೂ ಸಿಟ್ಟಾಗುವ ಹಾಗಿಲ್ಲ. ಜೆರೆ ಹಾಳೆ ಹಿಡಿದು ನಡೆಯತೊಡಗಿದ. ಗೂಡಿಗೆ ಹತ್ತು ಅಂಕ, ಬೆಂಕಿಗೆ ಇಪ್ಪತ್ತು. ಕಸೊಂಡೆಯ ಜೀವ ಹಗುರಾಯಿತು. ಅಷ್ಟರಲ್ಲಿ ಜೆರೆ ಮೇಕೆಯ ಹಗ್ಗ ಎಡವಿ ಇಟ್ಟಿಗೆಯವರ ಗುಂಡಿಗೆ ಬಿದ್ದ. ಮಂಡಿಯ ತನಕ ಕೆಸರು.

"ಅಂಗೋನಿಗಳನ್ನ ಹಿಡಿಯೋಕೆ ತೋಡಿದ್ದೀರಾ ಇದನ್ನ?" ಎಂದ ಗುಂಡಿಯೊಳಗಿಂದ.

"ನಿಮಗೇ ಅಂತ ತೋಡಿದ್ರೆ ಮೇಲೊಂದು ಇಲಿ ಕಟ್ಟಿರ್ತಿದ್ವಿ, ಬ್ವಾನಾ," ಎಂದ ಕಸೊಂಡೆ. ಇಲಿ ಕಂಡರೆ ಅಂಗೋನಿಗಳ ಬಾಯಲ್ಲಿ ನೀರೂರುತ್ತದೆ ಎಂಬುದು ಬೆಂಬಾಗಳ ಹಳೆಯ ತಮಾಷೆ.

ಜೆರೆ ನಕ್ಕ. ಮೇಲೆ ಬಂದು ಒರೆಸಿಕೊಂಡು, ಇಷ್ಟೆಲ್ಲ ಇದ್ದರೂ ಯಾಕೆ ಬರೆಯಲಿಲ್ಲ ಎಂದು ಕೇಳಿದ. ಕಸೊಂಡೆ ಇದಕ್ಕೆ ಬೆಳಿಗ್ಗೆಯೇ ಉತ್ತರ ಹೊಂದಿಸಿಟ್ಟಿದ್ದ. ಎಲ್ಲ ಈ ವಾರ ಶುರುವಾದದ್ದು, ಇನ್ನು ಮೇಲೆ ದಿನಕ್ಕೆರಡು ಸಲ ನಡೆದರೂ ಸಾಲದು ಎಂದ. ಜೆರೆ ಅವನ ಸುಟ್ಟ ಪ್ಯಾಂಟನ್ನೂ ಬೊಬ್ಬೆ ಎದ್ದ ಕೈಗಳನ್ನೂ ನೋಡುತ್ತಲೇ ಇದ್ದ. ಆಮೇಲೆ ಕೂಡಿ ಹೇಳಿದ, ತೊಂಬತ್ತೆರಡು. ಇಡೀ ದೇಶದಲ್ಲೇ ಇಷ್ಟು ಬಂದಿಲ್ಲ.

ಜನ ಶಿಳ್ಳೆ ಹೊಡೆದರು. ಎಷ್ಟು ಜನರನ್ನ ತಗೋತೀರಿ ಎಂದು ಚಿಸಾಲಾ ಕೇಳಿದ.

"ಯಾರನ್ನೂ ಇಲ್ಲ," ಎಂದ ಜೆರೆ. "ತೊಂಬತ್ತು ದಾಟಿದ ಜಾಗದಲ್ಲಿ ಕಂಪನಿಯ ಮನುಷ್ಯ ಕಾಲಿಡಬಾರದು, ನಿಯಮ. ನಾಳೆಯಿಂದ ಕಾವಲಿಗೆ ಕ್ಯಾಮೆರಾ ಹಾರುತ್ತೆ." ಕಸೊಂಡೆಯ ಹೆಗಲ ಮೇಲೆ ಕೈಯಿಟ್ಟ. ಅವನ ದನಿಯಲ್ಲಿ ನಿಜವಾದ ಕರುಣೆ ಇತ್ತು. "ಹೆಂಡತಿ ಮಕ್ಕಳಿರೋನು ನೀನು. ಒಂಬತ್ತು ವರ್ಷ ಹೇಗೆ ಬದುಕಿ ಉಳಿದ್ಯೋ. ಇವತ್ತಿಗೆ ಈ ಕೆಲಸದಿಂದ ನಿನ್ನ ಬಿಡಿಸಿದೀನಿ, ನೆಮ್ಮದಿಯಾಗಿ ಮನೆಗೆ ಹೋಗು."

ಕಸೊಂಡೆಗೆ ಅಳು ಬಂತು. ಜೆರೆ ಅದನ್ನು ಕೃತಜ್ಞತೆ ಎಂದುಕೊಂಡ.

ಲೈನಿನ ಆಚೆ ಬದಿಯಲ್ಲೇ ಮನೆ, ಇಪ್ಪತ್ತು ಹೆಜ್ಜೆ. ಬಾಗಿಲಲ್ಲಿ ನಿಂತ ಹೆಂಡತಿ, ಏನಾಯ್ತು, ಬಂದು ಹೇಳಿ ಎಂದು ಕೈಬೀಸಿ ಕರೆಯುತ್ತಿದ್ದಳು. ಕಸೊಂಡೆ ಒಂದು ಹೆಜ್ಜೆ ಮುಂದಿಟ್ಟ.

"ಆ ಕಡೆ ಬೇಡ, ಅಪಾಯ," ಎಂದು ಜೆರೆ ಅವನ ತೋಳು ಹಿಡಿದು ನಿಲ್ಲಿಸಿದ. "ಹೆದ್ದಾರಿ ಸುತ್ತಿಕೊಂಡು ಹೋಗು."