ಗೆಲ್ಲುತ್ತೇನೆಂದು ಬರೆದಿದ್ದ ಗಾಡಿ ಓಟ

ಈ ಸಲ ನಾನು ಗೆಲ್ಲುತ್ತೇನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನಪಡಲು ಕಾರಣವಾದರೂ ಏನಿತ್ತು? ನಾನು ಗೆಲ್ಲುತ್ತೇನೆಂದು ಕಥೆಯಲ್ಲೇ ಬರೆದಿತ್ತು!

ಮೂವತ್ತು ವರ್ಷದ ಹಿಂದೆ ರಾಮನಗರದ ಬಂಡೆಗಳ ಕೆಳಗಿನ ಬಯಲಿನಲ್ಲಿ ಒಂದು ಸಿನಿಮಾದವರು ಎತ್ತಿನ ಗಾಡಿ ಓಟ ತೆಗೆದರು. ಹೀರೋಗೂ ವಿಲನ್‌ಗೂ ಪಂದ್ಯ. ಇಬ್ಬರಿಗೂ ಗಾಡಿ ಹೊಡೆಯಲು ಬಾರದು. ಹಾಗಾಗಿ ಹೀರೋ ಪೇಟ ಸುತ್ತಿಕೊಂಡು ಕುದೂರಿನ ಕಾಳೇಗೌಡ, ವಿಲನ್ ಪೇಟ ಸುತ್ತಿಕೊಂಡು ಮಾಗಡಿಯ ನಾನು ಗಾಡಿ ಹತ್ತಿದೆವು. ನನ್ನ ಎತ್ತುಗಳು ಅವನ ಎತ್ತುಗಳಿಗಿಂತ ಚುರುಕು. ಆದರೆ ವಿಲನ್ ಸೋಲಬೇಕಲ್ಲ! ಅಂಗೈಯಲ್ಲಿ ಬೊಬ್ಬೆ ಏಳುವಂತೆ ಹಗ್ಗ ಬಿಗಿಹಿಡಿದು, ಬಹಳ ಕಷ್ಟಪಟ್ಟು ಸೋತೆ.

ಆ ಕಷ್ಟ ಮಾತ್ರ ಯಾರಿಗೂ ಕಾಣಲಿಲ್ಲ. ಸಿನಿಮಾ ಬಂದ ದಿನದಿಂದ ಇಡೀ ತಾಲ್ಲೂಕಿಗೆ ನಾನು ಕಾಳೇಗೌಡನಿಗೆ ಸೋತವನು. ಎತ್ತು ಮಾರಿ ಹಿಟ್ಟಿನ ಗಿರಣಿ ಹಾಕಿದೆ. ಅಲ್ಲೂ ಬಿಡಲಿಲ್ಲ. ರಾಗಿ ಬೀಸಿಸಲು ಬಂದ ಎದುರುಮನೆ ಸಾಕಮ್ಮ, ಇದರಲ್ಲಾದರೂ ಹಿಂದೆ ಬೀಳಬೇಡಪ್ಪ ಎಂದು ಚುಚ್ಚುತ್ತಿದ್ದಳು. ನಾನು ಬೇಕೆಂದೇ ಸೋತೆ ಎಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತಿದ್ದರು. ನನ್ನ ಹೆಂಡತಿ ಜಯಮ್ಮ ನಗುತ್ತಿರಲಿಲ್ಲ, ನಿಜ. ಆದರೆ ನಂಬುತ್ತಲೂ ಇರಲಿಲ್ಲ.

ಹೋದ ವರ್ಷ ಟಿವಿಯವರು ಬಂದರು. ಆ ಸಿನಿಮಾದ ಮುಂದಿನ ಕಥೆಯನ್ನು ಧಾರಾವಾಹಿ ಮಾಡುತ್ತಾರಂತೆ. ಅದೂ ವಿಲನ್ ಕಡೆಯಿಂದ! ವಿಲನ್ ಕೆಟ್ಟವನೇ ಅಲ್ಲವಂತೆ. ಅಂದಿನ ಓಟದಲ್ಲಿ ಗೆದ್ದವನೂ ಅವನೇ ಅಂತೆ. ತೀರ್ಪು ಕೊಟ್ಟವರು ಮೋಸ ಮಾಡಿದ್ದರಂತೆ. ಆ ಓಟವನ್ನು ಮತ್ತೆ ತೆಗೆಯಬೇಕು, ಹಳಬರೇ ಗಾಡಿ ಹೊಡೆಯಬೇಕು, ಬೆನ್ನಿನ ಕಡೆಯಿಂದ ತೆಗೆಯುವುದರಿಂದ ವಯಸ್ಸು ಕಾಣುವುದಿಲ್ಲ ಎಂದೆಲ್ಲ ನಿರ್ದೇಶಕಿ ವಿವರಿಸಿದಳು. ನನ್ನ ಮಗಳ ವಯಸ್ಸಿನ ಹುಡುಗಿ. ಕೊನೆಗೆ ಒಂದು ಮಾತು ಹೇಳಿದಳು.

"ಸರ್, ಈ ಸಲ ನೀವು ಗೆಲ್ಲಬೇಕು."

ನನಗೆ ಕಣ್ಣು ತುಂಬಿ ಬಂತು. ಇಂಥ ಅಪ್ಪಣೆಯನ್ನು ನನಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ. ನಿಮ್ಮ ಬಳಿ ಎತ್ತು ಇದೆಯಾ ಎಂದು ಕೇಳಿದಳು. ಇದೆ ಎಂದುಬಿಟ್ಟೆ. ಇದ್ದದ್ದು ಒಂದು ಸ್ಕೂಟರ್!

ಕುದೂರಿನ ಹತ್ತಿರದ ಹಳ್ಳಿಯಲ್ಲಿದ್ದ ಭಾಮೈದ ನಿಂಗರಾಜುವಿನ ಕೊಟ್ಟಿಗೆಗೆ ಓಡಿದೆ. ಅವನಲ್ಲಿ ಒಂದು ಜೋಡಿ ಹಳ್ಳಿಕಾರ್ ಎತ್ತುಗಳಿದ್ದವು. ಹಲ್ಲು ನೋಡಿದೆ, ಗೊರಸು ನೋಡಿದೆ, ಕೊಂಬು ನೋಡಿದೆ, ಮೈಮೇಲಿನ ಸುಳಿಗಳನ್ನು ಎರಡೆರಡು ಸಲ ಎಣಿಸಿದೆ. ಒಂದೂ ದೋಷವಿಲ್ಲ. ಯಾರ ಮನೆಯಿಂದ ತಂದ ಎತ್ತು ಅಂತ ಕೇಳಿದ್ರಾ ಎಂದು ಜಯಮ್ಮ ವಿಚಾರಿಸಿದಳು. ಎತ್ತಿಗೆಲ್ಲ ಆಧಾರ್ ಕಾರ್ಡ್ ಕೇಳ್ತಾರೇನೇ ಎಂದು ಅವಳ ಬಾಯಿ ಮುಚ್ಚಿಸಿದೆ. ದನ ನೋಡಲು ಹೋದ ಮಕ್ಕಳು ಕೂಡ ಮೊದಲು ಕೇಳುವ ಪ್ರಶ್ನೆ ಅದು. ಗೆಲ್ಲುವ ಆತುರದಲ್ಲಿ ನನಗೆ ಬೇಡವಾಯಿತು.

ಹದಿನೈದು ದಿನ ಒಣಗಿದ ಕೆರೆಯಂಗಳದಲ್ಲಿ ಅಭ್ಯಾಸ ನಡೆಸಿದೆ. ಎತ್ತುಗಳಿಗೆ ಹುರುಳಿ, ಗಾಡಿಯ ಭಾರ ಇಳಿಯಲೆಂದು ನನಗೆ ಅರೆಹೊಟ್ಟೆ. ಎತ್ತುಗಳು ಹಾರಿಹೋಗುತ್ತಿದ್ದವು! ನನ್ನ ತೋಳು ಮಾತ್ರ ಊದಿಕೊಂಡು, ಅಂಗಿ ತೊಡಿಸಲೂ ಜಯಮ್ಮನೇ ಬರಬೇಕಾಯಿತು. ಹರಳೆಣ್ಣೆ ತಿಕ್ಕುತ್ತಾ, ಈ ವಯಸ್ಸಲ್ಲಿ ಇದೆಲ್ಲ ಬೇಕಾ ಎಂದಳು. ಬೇಕು ಎಂದೆ. ಪ್ರಾಣ ಹೋದರೂ ಬೇಕು ಎಂದೆ. ಗಿರಣಿಗೆ ರಜೆಯ ಬೋರ್ಡು ಹಾಕಿದೆ. ಕೆಂಗಲ್ ಆಂಜನೇಯನಿಗೆ ವಡೆಮಾಲೆ ಹರಕೆ ಹೊತ್ತೆ. ಗೆದ್ದದ್ದಕ್ಕೆ ಸಾಕ್ಷಿ ಇರಲಿ ಎಂದು ವ್ಯಾನ್ ಮಾಡಿ ಇಡೀ ಬೀದಿಯನ್ನು ತುಂಬಿಸಿಕೊಂಡು ಹೊರಟೆ. ಮುಂದಿನ ಸೀಟಿನಲ್ಲಿ ಸಾಕಮ್ಮ!

ಬಂಡೆಗಳ ಕೆಳಗೆ ಕಾಳೇಗೌಡ ಆಗಲೇ ಬಂದಿದ್ದ. ನನ್ನ ಎತ್ತುಗಳ ಬಳಿ ಬಂದು ಬೆನ್ನು ಸವರಿದ, ಕತ್ತಿನ ಕೆಳಗಿನ ಗಂಗೆದೊಗಲು ನೀವಿದ, ಒಳಗೊಳಗೇ ನಕ್ಕ. ಹೊಟ್ಟೆಕಿಚ್ಚು ಎಂದುಕೊಂಡೆ. ಬಾರುಕೋಲು ಮುಟ್ಟುವಂತಿಲ್ಲ, ಬಾಲ ತಿರುಚುವಂತಿಲ್ಲ ಎಂದು ಟಿವಿಯವರು ಮೊದಲೇ ತಾಕೀತು ಮಾಡಿದರು. ಬಾಯಿಮಾತಿನಲ್ಲೇ ಓಡಿಸಬೇಕು. ನನಗೇನು ಬಾಯಿಗೆ ಬರವೇ?

ಓಟ ಶುರುವಾಯಿತು. ನೂರು ಗಜದವರೆಗೆ ನಾನೇ ಮುಂದೆ! ಅಷ್ಟರಲ್ಲಿ ಕಾಳೇಗೌಡ ಹಿಂದಿನಿಂದ "ಹೋ, ಬಾ ಬಾ" ಎಂದು ತನ್ನ ಎತ್ತುಗಳನ್ನು ಹುರಿದುಂಬಿಸಿದ. ನನ್ನ ಎತ್ತುಗಳ ಕಿವಿ ನಿಮಿರಿದವು. ನಡೆ ನಿಧಾನವಾಯಿತು. ಅವನ ಗಾಡಿ ಮುಂದೆ ಹೋಗುವವರೆಗೆ ಕಾದು, ಅಚ್ಚುಕಟ್ಟಾಗಿ ಅದರ ಹಿಂದೆ ಸೇರಿಕೊಂಡು, ಬಹಳ ಮರ್ಯಾದೆಯಿಂದ ಹೆಜ್ಜೆ ಹಾಕತೊಡಗಿದವು. ನಾನು ಕೂಗಿದೆ, ಬೇಡಿದೆ, ಬೈದೆ. ಅವು ತಿರುಗಿಯೂ ನೋಡಲಿಲ್ಲ.

ಇಳಿದು ನಿಂಗರಾಜುವಿಗೆ ಫೋನ್ ಮಾಡಿ, ಈ ಎತ್ತು ಯಾರ ಮನೆಯವು ಎಂದೆ.

"ಕಾಳೇಗೌಡ್ರ ಮನೇವು ಕಣ್ ಭಾವ. ಕರುವಾಗಿದ್ದಾಗಿಂದ್ಲೂ ಅವ್ರ್ ಗಾಡಿ ಹಿಂದ್ಗುಟ್ಟೇ ನಡ್ಕಂಡ್ ಬೆಳ್ದವು. ಯಾಕೆ?"

ಏನಿಲ್ಲ ಎಂದು ಫೋನ್ ಇಟ್ಟೆ.

ಆದರೆ ನಾನು ಬಿಡುವವನಲ್ಲ. ಕಾಳೇಗೌಡ ಬಾಯಿ ತೆರೆಯಕೂಡದು ಎಂದು ನಿರ್ದೇಶಕಿಯ ಮೂಲಕ ಆಜ್ಞೆ ಹೊರಡಿಸಿದೆ. ಅವನು ಸುಮ್ಮನಾದ. ಅವನ ದನಿ ಕೇಳದೆ ಅವನ ಎತ್ತುಗಳು ಕದಲಲಿಲ್ಲ. ಅವು ಕದಲಲಿಲ್ಲವೆಂದು ನನ್ನವೂ ಕದಲಲಿಲ್ಲ. ನಾಲ್ಕು ಎತ್ತುಗಳೂ ನಿಂತಲ್ಲೇ ಮೆಲುಕು ಹಾಕಿದವು. ಮೂರನೆಯ ಸಲ ಅವನ ಬಾಯಿಗೆ ಹಾಕಿದ ಬೀಗ ತೆಗೆಸಿ, ನನ್ನ ಗಾಡಿಯನ್ನು ಅರ್ಧ ದೂರ ಮುಂದೆ ತಂದು ನಿಲ್ಲಿಸಿಕೊಂಡೆ. ನಾಚಿಕೆ ಬಿಟ್ಟು ಕೇಳಿ ಪಡೆದ ರಿಯಾಯಿತಿ ಅದು! ಎತ್ತುಗಳು ಹತ್ತು ಹೆಜ್ಜೆ ಹೋಗಿ, ಹಿಂದೆ ತಿರುಗಿ, ಯಜಮಾನ ಬರಲಿ ಎಂದು ನಿಂತವು.

ನನಗೆ ರೋಷ ಬಂತು. ಗಾಡಿಯಿಂದ ಜಿಗಿದು, ಎತ್ತುಗಳ ಮುಂದೆ ನಿಂತು, ಹಗ್ಗ ಹಿಡಿದು ಜಗ್ಗಿದೆ. ಕಾಳೇಗೌಡನ ಗಾಡಿ ಧೂಳೆಬ್ಬಿಸಿ ದಾಟಿತು. ನನ್ನ ಎತ್ತುಗಳು ನನ್ನನ್ನು ಬಳಸಿಕೊಂಡು ಅದರ ಬೆನ್ನು ಹತ್ತಿದವು. ಪೇಟ ಬಿಚ್ಚಿಹೋಗಿ, ಒಂದು ಚಪ್ಪಲಿ ಕಳಚಿ, ಗಾಡಿಯ ಹಿಂದೆ ನಾನು ಓಡಿದೆ. ಮೊದಲು ಕಾಳೇಗೌಡ ಗೆರೆ ದಾಟಿದ. ಆಮೇಲೆ ನನ್ನ ಎತ್ತುಗಳು ದಾಟಿದವು. ಆಮೇಲೆ ನಾನು ದಾಟಿದೆ. ಇಬ್ಬರ ಪಂದ್ಯದಲ್ಲಿ ಮೂರನೆಯ ಸ್ಥಾನ!

ವ್ಯಾನಿನವರು ಅಷ್ಟನ್ನೂ ಮೊಬೈಲಿನಲ್ಲಿ ಹಿಡಿದಿದ್ದರು. ನಿರ್ದೇಶಕಿ ಸ್ವಲ್ಪ ಯೋಚಿಸಿ, ಕಥೆಯನ್ನೇ ತಿದ್ದುತ್ತೇವೆ ಎಂದಳು. ಗೆಲ್ಲಬಲ್ಲವನಾಗಿದ್ದರೂ ವಿಲನ್ ಸ್ನೇಹಕ್ಕಾಗಿ ಬೇಕೆಂದೇ ಸೋತ ಎಂದು ತೋರಿಸುತ್ತಾರಂತೆ. ಬೇಕೆಂದೇ ಸೋತಾಗ ನಿಜವಾಗಿ ಸೋತವನೆಂದರು. ನಿಜವಾಗಿ ಸೋತಾಗ ಬೇಕೆಂದೇ ಸೋತವನಂತೆ! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಹುಣಸೆಮರದ ಕೆಳಗೆ ಕುಕ್ಕರಿಸಿದ್ದೆ. ಕಾಳೇಗೌಡ ಬಂದು ಪಕ್ಕದಲ್ಲಿ ಕುಳಿತ.

"ಆವತ್ತು ನೀನು ಹಗ್ಗ ಬಿಗಿ ಹಿಡ್ದಿದ್ದೆ ಕಣ್ಲಾ. ನಾನ್ ಕಂಡಿದ್ದೆ. ಬುಟ್ಟಿದ್ರೆ ನನ್ ಗಾಡಿ ನಿನ್ ಧೂಳೂ ಮುಟ್ತಿರ್ನಿಲ್ಲ."

ಮೂವತ್ತು ವರ್ಷ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ನಾನ್ ಗೆದ್ದಿದ್ದು ಏನಾಗ್ತಿತ್ತು?"

ಕೋಪ ಬರಬೇಕಿತ್ತು. ಬರಲಿಲ್ಲ, ಸಂತೋಷವೇ ಆಯಿತು. ಅವನ ಕೈ ಹಿಡಿದು ಎಬ್ಬಿಸಿ, ಈ ಮಾತನ್ನು ನಮ್ಮ ಬೀದಿಯವರ ಮುಂದೆ ಹೇಳು, ನನಗೆ ಬೇರೇನೂ ಬೇಡ ಎಂದು ವ್ಯಾನಿನ ಬಳಿಗೆ ಎಳೆದುಕೊಂಡು ಹೋದೆ. ಅವನು ಎಲ್ಲರೆದುರು ನಿಂತು ಒಂದಕ್ಷರ ಬಿಡದೆ ಹೇಳಿದ. ದೇವರ ಮೇಲೆ ಆಣೆ ಮಾಡಿಯೂ ಹೇಳಿದ. ಸಾಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸೋತೋನ ಮನ್ಸು ನೋಯಬಾರ್ದು ಅಂತ ಸುಳ್ಳಾಣೆ ಬೇರೆ ಮಾಡ್ತಾವ್ರಲ್ಲ! ಎಷ್ಟ್ ದೊಡ್ಡ ಮನ್ಸು ನಿಮ್ದು ಗೌಡ್ರೇ."

ಜಯಮ್ಮನೂ ಹೌದೆಂದು ತಲೆಯಾಡಿಸಿದಳು. ಕಾಳೇಗೌಡನ ಎತ್ತುಗಳನ್ನು ಅವನ ಮಗ ಸಾಗಿಸಿಕೊಂಡು ಹೊರಟಿದ್ದ. ಇಂಥ ದೊಡ್ಡ ಮನುಷ್ಯರು ಬಸ್ಸಿಗೆ ಕಾಯುವುದೇ ಎಂದು ನಮ್ಮ ಬೀದಿಯವರು ಗೌಡನನ್ನು ವ್ಯಾನಿಗೆ ಹತ್ತಿಸಿಕೊಂಡರು. ಸಾಕಮ್ಮ ಮುಂದಿನ ಸೀಟು ಬಿಟ್ಟುಕೊಟ್ಟಳು. ನಾನು ನನ್ನ ಎತ್ತುಗಳ ಜೊತೆ, ಅವನ್ನು ತಂದಿದ್ದ ಕ್ಯಾಂಟರ್ ಲಾರಿಯಲ್ಲಿ ನಿಂತುಕೊಂಡು ವ್ಯಾನಿನ ಹಿಂದೆ ಬಂದೆ.