ಪಟ್ಟದ ಗೊಂಬೆಗಳಿಗೆ ಇನ್ಶೂರೆನ್ಸ್

ಕಳಿಸಿದ ವಸ್ತು ತಲುಪುವವರೆಗೆ ಮನುಷ್ಯನಲ್ಲಿ ಹುಟ್ಟುವಷ್ಟು ದೈವಭಕ್ತಿ ಬೇರೆ ಯಾವಾಗಲೂ ಹುಟ್ಟುವುದಿಲ್ಲ ಎಂಬುದು ನನ್ನ ಅನುಭವ. ಮಗಳನ್ನು ಗಂಡನ ಮನೆಗೆ ಕಳಿಸಿದವರಾದರೂ ಕೆಲವು ದಿನಗಳಲ್ಲಿ ಸಮಾಧಾನ ಮಾಡಿಕೊಳ್ಳುತ್ತಾರೆ, ಕೊರಿಯರ್ ಕಳಿಸಿದವರಿಗೆ ಆ ಪುಣ್ಯವಿಲ್ಲ. ಇದನ್ನು ನಾನು ಅಧಿಕಾರವಾಣಿಯಿಂದಲೇ ಹೇಳಬಲ್ಲೆ. ಹೆಬ್ಬಗೋಡಿಯ ಬಾಡಿಗೆ ಮನೆಯಲ್ಲಿ ಕೂತು ದಸರಾದ ಪಟ್ಟದ ಗೊಂಬೆಗಳಿಗೆ, ಅಂದರೆ ತವರಿನವರು ಮದುವೆಯಲ್ಲಿ ಹೆಣ್ಣಿಗೆ ಕೊಡುವ ಆ ಮರದ ರಾಜ ರಾಣಿಯರಿಗೆ, ಸೀರೆ, ಪೇಟ, ಜರಿಯ ನಿಲುವಂಗಿ ಹೊಲಿದು ಇಂಟರ್ನೆಟ್ಟಿನಲ್ಲಿ ಮಾರುವವಳು ನಾನು.

ನಮ್ಮಂಥ ಕೈಕೆಲಸದವರದೊಂದು ಗುಂಪು ಮೊಬೈಲಿನಲ್ಲಿದೆ. ಅಲ್ಲಿ ಆಗಾಗ ಹಾರಾಡುವ ಪ್ರಶ್ನೆ ಒಂದೇ: ಪಾರ್ಸೆಲ್ಲಿಗೆ ಟ್ರ್ಯಾಕಿಂಗು, ಇನ್ಶೂರೆನ್ಸು ಮಾರುವವರು ಕಟ್ಟಬೇಕೋ ಬೇಡವೋ? ಬೇಡ ಎನ್ನುವ ಪಕ್ಷಕ್ಕೆ ಆಗ ನಾನೇ ಮುಂದಾಳು. ಗೇಣುದ್ದದ ಸೀರೆ ಬಿದ್ದರೆ ಒಡೆಯುವುದಿಲ್ಲ, ನೆನೆದರೆ ಒಣಗುತ್ತದೆ, ಅದಕ್ಕೆಂಥ ವಿಮೆ ಎಂಬುದು ನನ್ನ ವಾದ. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗದಲ್ಲಿರುವ ನಮ್ಮ ಯಜಮಾನರದು ಇನ್ನೂ ಒಂದು ಕೈ ಮೇಲೆ. ಒಳ್ಳೆಯ ಪ್ಯಾಕಿಂಗಿಗಿಂತ ದೊಡ್ಡ ಇನ್ಶೂರೆನ್ಸ್ ಭೂಮಿಯ ಮೇಲೇ ಇಲ್ಲ ಎನ್ನುತ್ತಾರೆ. ಅವರು ಡಬ್ಬಕ್ಕೆ ಕಂದು ಟೇಪು ಸುತ್ತಲು ಕೂತರೆ ಕೊನೆಗೆ ಡಬ್ಬ ಕಾಣುವುದಿಲ್ಲ, ಟೇಪು ಮಾತ್ರ ಕಾಣುತ್ತದೆ. ಆಮೇಲೆ ಕಾರ್ಖಾನೆಯ ಪದ್ಧತಿಯಂತೆ ಅದನ್ನು ಅಡುಗೆಮನೆಯ ಅಟ್ಟದಿಂದ ಕೆಳಕ್ಕೆ ಬಿಡುತ್ತಾರೆ, ಪ್ರತಿಯೊಂದು ಮಗ್ಗುಲಿಗೂ ಒಂದೊಂದು ಸಲ. ಮೊದಲ ಬಾರಿ ಈ ಪರೀಕ್ಷೆ ನಡೆದಾಗ ಕೆಳಗಿನ ಮನೆಯ ಓನರ್ ರತ್ನಮ್ಮನವರು ಏದುಸಿರು ಬಿಡುತ್ತ ಮೇಲೆ ಬಂದು, ನಮ್ಮಿಬ್ಬರ ಮುಖವನ್ನೂ ಪರೀಕ್ಷಿಸಿ, ಏಟು ಬಿದ್ದಿರುವುದು ಯಾರಿಗೆ ಎಂದು ತಿಳಿಯದೆ ಇಬ್ಬರಿಗೂ ಬುದ್ಧಿ ಹೇಳಿ ಹೋಗಿದ್ದರು.

ರತ್ನಮ್ಮನವರು ಹೆಬ್ಬಗೋಡಿಯ ಹಳೆಯ ಒಕ್ಕಲು. ಈಗ ನಾವಿರುವ ಮೂರಂತಸ್ತಿನ ಕಟ್ಟಡ ನಿಂತಿರುವುದು ಅವರ ರಾಗಿ ಹೊಲದಲ್ಲಿ. ಬಾಡಿಗೆಯವರೆಲ್ಲ ಬೆಳಿಗ್ಗೆ ಕೆಲಸಕ್ಕೆ ಹೋದ ಮೇಲೆ ಬರುವ ಪಾರ್ಸೆಲ್ಲುಗಳೆಲ್ಲ ಅವರ ಮಂಚದ ಕೆಳಗೇ ಸೇರುತ್ತವೆ. ಓದು ಬರಹ ಬಾರದ ಅವರು ಡಬ್ಬವನ್ನು ಕೈಯಲ್ಲಿ ತೂಗಿ, ಸ್ವಲ್ಪ ಅಲ್ಲಾಡಿಸಿ, ಯಾವ ಮನೆಯದೆಂದು ಹೇಳುತ್ತಾರೆ. ಒಮ್ಮೊಮ್ಮೆ ತಪ್ಪುವುದೂ ಉಂಟು. ಮೇಲಿನ ಮನೆಯ ಬ್ರಹ್ಮಚಾರಿಯ ಶೂಗಳು ಒಂದು ವಾರ ನಮ್ಮ ದೇವರ ಗೂಡಿನ ಪಕ್ಕದಲ್ಲೇ ಇದ್ದವು.

ಹೀಗಿರುವಾಗ ದಾವಣಗೆರೆಯಿಂದ ಸುಶೀಲಮ್ಮ ಎಂಬ ನಿವೃತ್ತ ಟೀಚರ್ ಫೋನ್ ಮಾಡಿದರು. ಮೈಸೂರಿನ ಮಗಳು, ದಾವಣಗೆರೆಯ ಸೊಸೆ. ತಾಯಿ ಕೊಟ್ಟ ಪಟ್ಟದ ಗೊಂಬೆಗಳು ಈಗಿನ ಅಳತೆಯವಲ್ಲ, ಅಂಗಡಿಯ ಬಟ್ಟೆ ಆಗುವುದಿಲ್ಲ ಎಂದವರು ಗೊಂಬೆಗಳನ್ನೇ ನನಗೆ ಕಳಿಸಿಬಿಟ್ಟರು. ಬಿಚ್ಚಿ ನೋಡಿದೆ. ರಾಣಿಯ ಮೂಗು ಸವೆದಿತ್ತು, ರಾಜನ ಒಂದು ಮೀಸೆಯನ್ನು ಯಾರೋ ಕಾಡಿಗೆಯಲ್ಲಿ ತಿದ್ದಿದ್ದರು. ಸುಶೀಲಮ್ಮನವರ ಮದುವೆಯಾದಾಗಿನಿಂದ ಒಂದು ನವರಾತ್ರಿಯೂ ತಪ್ಪದೆ ಗೊಂಬೆಸಾಲಿನ ಮೇಲಿನ ಮೆಟ್ಟಿಲಲ್ಲಿ ಕೂತ ದಂಪತಿ. ನಾನು ಹೊಲಿದ ಬಟ್ಟೆಗಳಲ್ಲೇ ಚೆನ್ನಾದದ್ದು ಅವರಿಬ್ಬರಿಗೆ ಹೊಲಿದದ್ದು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ.

ವಾಪಸು ಕಳಿಸಲು ಕೊರಿಯರ್ ಅಂಗಡಿಗೆ ಹೋದೆ. ಕೌಂಟರಿನವನು ಇನ್ಶೂರೆನ್ಸ್ ಬೇಕಾ ಅಕ್ಕ, ಒಳಗಿರೋದರ ಬೆಲೆ ಎಷ್ಟು ಎಂದು ಕೇಳಿದ. ಮರದ ಬೆಲೆ ಹೇಳಿದರೆ ಸುಶೀಲಮ್ಮನವರಿಗೆ ಅವಮಾನ, ನಿಜವಾದ ಬೆಲೆ ಹೇಳೋಣವೆಂದರೆ ಅದಕ್ಕೆ ಬಿಲ್ಲು ಎಲ್ಲಿಂದ ತರಲಿ? ಬೇಡಪ್ಪ ಎಂದೆ. ಬೇಡ ಎಂದು ಒಮ್ಮೆ ತೆರೆದ ಬಾಯಿ ಹಾಗೆಯೇ ಅಭ್ಯಾಸಬಲದಿಂದ ಟ್ರ್ಯಾಕಿಂಗಿಗೂ ಬೇಡ ಎಂದುಬಿಟ್ಟಿತು.

ಡಬ್ಬ ತಲುಪಲಿಲ್ಲ. ಮಹಾಲಯ ಅಮಾವಾಸ್ಯೆ ಹತ್ತಿರ ಬಂತು, ಆದರೂ ತಲುಪಲಿಲ್ಲ. ಅಂಗಡಿಗೆ ಹೋದರೆ ದಾರಿಯಲ್ಲಿದೆ ಅಕ್ಕ ಎನ್ನುತ್ತಾನೆ. ಯಾವ ದಾರಿ ಎಂದರೆ ಅವನಿಗೂ ಗೊತ್ತಿಲ್ಲ. ಯಜಮಾನರು ಮಾತ್ರ ಎಲ್ಲಿದ್ದರೂ ಒಡೆದಿರುವುದಿಲ್ಲ ಎಂದು ಧೈರ್ಯ ಹೇಳುತ್ತಿದ್ದರು. ಆ ಧೈರ್ಯವನ್ನು ಅವರ ತಲೆಯ ಮೇಲೇ ಅಟ್ಟದಿಂದ ಬಿಡಬೇಕೆನಿಸುತ್ತಿತ್ತು. ಸುಶೀಲಮ್ಮನವರು ಒಂದು ದಿನವಾದರೂ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಅಮಾವಾಸ್ಯೆಯ ಸಂಜೆ ನಾನು ಫೋನಿನಲ್ಲಿ ಅತ್ತೇಬಿಟ್ಟಾಗ, “ನಾನು ಆ ಗೊಂಬೆಗಳನ್ನ ನಿನಗೆ ಏನು ನಂಬಿ ಕಳಿಸಿದೆ ಹೇಳು? ನೀನೂ ಅದನ್ನೇ ನಂಬಿ ಕಳಿಸಿದೀಯ. ಹೋದರೆ ಇಬ್ಬರದೂ ಹೋಯ್ತು ಕಣಮ್ಮ. ಮೊದಲು ಊಟ ಮಾಡು,” ಎಂದರು. ಮೇಲಿನ ಮೆಟ್ಟಿಲನ್ನು ಖಾಲಿ ಬಿಟ್ಟು ಉಳಿದ ಗೊಂಬೆಗಳನ್ನೆಲ್ಲ ಜೋಡಿಸಿದ್ದೇನೆ ಎಂದೂ ಹೇಳಿದರು.

ಮರುದಿನ, ಪಾಡ್ಯದ ಮಧ್ಯಾಹ್ನ, ಅವರದೇ ಫೋನು. ಡಬ್ಬ ಬಂದಿದೆ, ಆದರೆ ಬಿಚ್ಚಲು ಬರುತ್ತಿಲ್ಲ, ಪಕ್ಕದ ಬೀದಿಯ ಬಡಗಿಗೆ ಹೇಳಿ ಕಳಿಸಿದ್ದೇನೆ ಎಂದರು. ಸಂಜೆಯ ಆರತಿಗೆ ರಾಜ ರಾಣಿ ಹೊಸ ಬಟ್ಟೆಯಲ್ಲಿ ತಮ್ಮ ಜಾಗದಲ್ಲಿ ಕೂತಿದ್ದರು. ಮೊಬೈಲಿಗೆ ಬಂದ ಆ ಚಿತ್ರ ನೋಡಿ ನಾನು ಎರಡನೆಯ ಸಲ ಅತ್ತೆ.

ಸಂತೋಷಕ್ಕೆ ಕೇಸರಿಬಾತು ಮಾಡಿ ರತ್ನಮ್ಮನವರಿಗೆ ಕೊಟ್ಟು, ಕಥೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಓದ ವಾರ ನೀನು ಚಿಕ್ಕಪೇಟೆಗೆ ಓಗಿದ್ದಾಗ ಆ ಡಬ್ಬಾನ ಕೊರಿಯರ್ ಉಡುಗ ಇಲ್ಲಿಗೇ ತಂದಿದ್ದ ಕಣಮ್ಮ. ನಿನ್ ಗಂಡ ಸುತ್ತಿದ್ದು ನಂಗ್ ಗೊತ್ತಾಗಲ್ವಾ? ಇದು ಓಗೋ ಡಬ್ಬ, ಬರೋದಲ್ಲ, ತಪ್ಪು ಮನೇಗ್ ತಂದಿದ್ದೀಯ, ತಗೊಂಡ್ ನಡಿ ಅಂದೆ.” ಆಮೇಲೆ ವಿಚಾರಿಸಿದಾಗ ತಿಳಿಯಿತು. ಸುಶೀಲಮ್ಮನವರು ಹರಿಹರದ ತಂಗಿಯ ಮನೆಗೆ ಹೋಗಿದ್ದ ದಿನ ಬಾಗಿಲು ಹಾಕಿದೆ ಎಂದು ಡಬ್ಬ ಹಿಂದಿರುಗಿತ್ತು. ಕೊರಿಯರಿನವನು ಹೊಸಬ. ಹೆಬ್ಬಗೋಡಿಯಲ್ಲಿ ಹಳಬರೇ ರತ್ನಮ್ಮನವರಿಗೆ ಎದುರು ಮಾತಾಡುವುದಿಲ್ಲ. ಅವನು ತೆಪ್ಪಗೆ ಅದನ್ನು ಮತ್ತೆ ದಾವಣಗೆರೆಯ ಚೀಲಕ್ಕೆ ಹಾಕಿದ್ದ. ನನಗೆ ಆ ತಾಯಿಯ ಕಾಲಿಗೆ ಬೀಳಬೇಕೆನಿಸಿತು. ಬಿದ್ದೆ ಕೂಡ. ಅವರು ಅದನ್ನು ನವರಾತ್ರಿಯ ನಮಸ್ಕಾರವೆಂದುಕೊಂಡು ಕುಂಕುಮ ಇಟ್ಟು, ಒಂದು ರವಿಕೆ ಕಣ ಕೊಟ್ಟು ಕಳಿಸಿದರು.

ಟ್ರ್ಯಾಕಿಂಗ್ ಇದ್ದಿದ್ದರೆ ಡಬ್ಬ ಹಿಂದೆ ಬರುವುದನ್ನು ನೋಡಿ ನಾವೇ ಗೇಟಿನಲ್ಲಿ ನಿಂತು ಇಳಿಸಿಕೊಳ್ಳುತ್ತಿದ್ದೆವು, ರಾಜ ರಾಣಿಯ ದಸರಾ ಹೆಬ್ಬಗೋಡಿಯಲ್ಲೇ ಮುಗಿಯುತ್ತಿತ್ತು ಎಂದು ಯಜಮಾನರು ಮೀಸೆ ತಿರುವಿದರು. ಟ್ರ್ಯಾಕಿಂಗ್ ಇದ್ದಿದ್ದರೆ ಬಾಗಿಲು ಹಾಕಿದೆ ಎಂಬುದು ಅಂದೇ ತಿಳಿದು, ಒಂದು ಫೋನಿನಲ್ಲಿ ಎಲ್ಲ ಮುಗಿಯುತ್ತಿತ್ತು ಎಂದೆ ನಾನು. ರತ್ನಮ್ಮನವರ ತಪ್ಪಿಗೆ ನಾನು ಜನ್ಮವಿಡೀ ಋಣಿ, ಆದರೆ ಆ ತಪ್ಪನ್ನೇ ನೆಚ್ಚಿಕೊಂಡು ವ್ಯಾಪಾರ ಮಾಡಲು ಬರುವುದಿಲ್ಲವಲ್ಲ. ಅಂದಿನಿಂದ ಗುಂಪಿನಲ್ಲಿ ನಾನು ಪಕ್ಷ ಬದಲಿಸಿದೆ. ಹೊಸದಾಗಿ ಪಕ್ಷ ಬದಲಿಸಿದವರ ಉತ್ಸಾಹ ನಿಮಗೆ ಗೊತ್ತೇ ಇದೆ.

ಮುಂದಿನ ವರ್ಷ ಸುಶೀಲಮ್ಮನವರಿಗೆ ರಾಣಿಗೆ ಹಸಿರು ಸೀರೆ ಬೇಕೆನಿಸಿತು. ಬೆಂಗಳೂರಿಗೆ ಬರುವ ನೆಂಟರ ಕೈಯಲ್ಲಿ ಗೊಂಬೆಗಳು ಬಂದವು. ಸೀರೆ ಹೊಲಿದು ಮುಗಿದ ಮೇಲೆ ಅದೇ ಕೊರಿಯರ್ ಅಂಗಡಿಗೆ ಹೋದೆ. ಕೌಂಟರಿನವನು ಗುರುತು ಹಿಡಿದು, ಕೇಳುವ ಮೊದಲೇ ಟ್ರ್ಯಾಕಿಂಗು, ಇನ್ಶೂರೆನ್ಸು ಎರಡೂ ಹಾಕ್ತೀನಿ ಅಕ್ಕ ಎಂದು ಕೈ ಚಾಚಿದ. ನಾಳೆ ಬರ್ತೀನಿ ಎಂದು ಗೊಂಬೆಗಳಿದ್ದ ಚೀಲವನ್ನು ಎದೆಗವಚಿಕೊಂಡು ಹೊರಬಂದೆ. ಮಾರನೆಯ ಬೆಳಿಗ್ಗೆ ದಾವಣಗೆರೆಯ ರೈಲು ಹತ್ತಿದೆ. ತುಮಕೂರಿನಲ್ಲಿ, ತಿಪಟೂರಿನಲ್ಲಿ, ಅರಸೀಕೆರೆಯಲ್ಲಿ, ಅವರು ಕೇಳದಿದ್ದರೂ ಸುಶೀಲಮ್ಮನವರಿಗೆ ಫೋನ್ ಮಾಡಿದೆ. ನಡುವೆ ಗುಂಪಿನಲ್ಲಿ ಯಾರೋ ಹೊಸಬಳು ಇವೆಲ್ಲ ಕಟ್ಟಲೇಬೇಕಾ ಎಂದು ಕೇಳಿದ್ದಳು. ಕಟ್ಟಲೇಬೇಕು, ಕಟ್ಟಿದ ಮೇಲೆ ನಿಶ್ಚಿಂತೆಯಾಗಿ ಮನೆಯಲ್ಲಿರಬೇಕು, ಕೊರಿಯರಿನವರ ಮೇಲೆ ನಂಬಿಕೆ ಇಲ್ಲದವರು ಆನ್‌ಲೈನ್ ವ್ಯಾಪಾರಕ್ಕೇ ಬರಬಾರದು ಎಂದು ಖಡಾಖಂಡಿತವಾಗಿ ಬರೆದೆ. ಬರೆದು ಮುಗಿಸುವಷ್ಟರಲ್ಲಿ ಪಕ್ಕದವರು ಚೀಲ ಮೇಲಿಡಲು ಹೇಳಿದರು. ಬೇಡ ಎಂದು ಅದನ್ನು ತೊಡೆಯ ಮೇಲೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಸುಶೀಲಮ್ಮನವರಿಗೆ ಫೋನ್ ಮಾಡಿ, ಬೀರೂರು ದಾಟಿದೆ ಎಂದು ತಿಳಿಸಿದೆ.